ಹಿಟ್ಟಪ್ಪನ ಮೂರನೇ ಸಾಲು

ನಮ್ಮೂರ ಚಾವಡಿಯ ಉತ್ತರದ ಗೋಡೆಯ ಮೇಲೆ ಏಳು ಚಿತ್ರಗಳಿವೆ. ದೇಸಾಯರ ಕಾಲದಲ್ಲಿ ತೋಪಿನ ಎರಕ ಹೊಯ್ಯಲು ಬಂದ ಫ್ರೆಂಚ್ ಸಾಹೇಬನೊಬ್ಬ ತನ್ನ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ತಂದವು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಚಿತ್ರಗಳು. ಆಮೇಲೆ ಯಾರೋ ಕೈಯಿಂದ ಅಲ್ಲಲ್ಲಿ ಕೆಂಪು, ನೀಲಿ ಬಳಿದಿದ್ದಾರೆ. ಏಳರಲ್ಲೂ ಇರುವುದು ಪ್ಯಾರಿಸ್ ಪಟ್ಟಣದ ಬೀದಿಗಳು. ಆ ದೇಶದ ನಾಟಕಗಳಲ್ಲಿ ಜನರನ್ನು ನಗಿಸುವ ಮೂರು ಪಾತ್ರಗಳು ರಂಗದಿಂದಿಳಿದು ಬೀದಿಗೆ ಬಂದು, ವಕೀಲರು, ವೈದ್ಯರು, ಸಾಹುಕಾರರನ್ನೆಲ್ಲ ಅಣಕಿಸುವಂತೆ ಬರೆದಿದ್ದಾರೆ. ಅಲ್ಲಿ ಇಂಥ ಚಿತ್ರಗಳನ್ನು ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದರಂತೆ. ದಾರಿಯಲ್ಲಿ ಹೋಗುವವರು ಕೆಲಸ ಮರೆತು ನಿಂತು ನಗುತ್ತಿದ್ದರಂತೆ. ಆ ಮೂವರಿಗೂ ಅವರ ಭಾಷೆಯಲ್ಲಿ ಏನೇನೋ ಹೆಸರುಗಳುಂಟು. ನಮ್ಮೂರವರ ಬಾಯಲ್ಲಿ ಬಣ್ಣಬಣ್ಣದ ತುಂಡು ಹೊಲಿದ ಅಂಗಿಯವನು ತ್ಯಾಪಿರಾಯ, ಡೊಂಕುಮೂಗಿನ ಗೂನುಬೆನ್ನಿನವನು ಗೂನಪ್ಪ, ಮುಖಕ್ಕೆ ಹಿಟ್ಟು ಬಳಿದುಕೊಂಡು, ಬೆರಳು ಕೂಡ ಕಾಣದಷ್ಟು ಉದ್ದ ತೋಳಿನ ಬಿಳಿ ಅಂಗಿ ತೊಟ್ಟವನು ಹಿಟ್ಟಪ್ಪ.

ಪ್ರತಿ ಗುರುವಾರ ಬೆಳಿಗ್ಗೆ ಚಾವಡಿಯ ಬಾಗಿಲು ತೆಗೆದಾಗ ಆ ಏಳರಲ್ಲಿ ಒಂದು ಚಿತ್ರ ನಮ್ಮೂರಿನ ಬೀದಿಯಾಗಿರುತ್ತದೆ. ಅದೇ ಮಸಿ, ಅದೇ ಗೆರೆ. ಆದರೆ ಹಂಚಿನ ಕಡಿದಾದ ಮಾಡುಗಳ ಜಾಗದಲ್ಲಿ ನಮ್ಮ ಮಣ್ಣಿನ ಮಾಳಿಗೆಗಳು, ಕುದುರೆಗಾಡಿಯ ಜಾಗದಲ್ಲಿ ಚಕ್ಕಡಿ. ಉಳಿದ ಆರು ಚಿತ್ರಗಳಲ್ಲಿ ಅವತ್ತು ಆ ಮೂವರು ಇರುವುದಿಲ್ಲ. ಮೂವರೂ ನಮ್ಮ ಬೀದಿಯಲ್ಲಿರುತ್ತಾರೆ. ಅವರ ನಡುವೆ ನಮ್ಮಲ್ಲಿಯ ಯಾರೋ ಒಬ್ಬರು. ಕೆಳಗೆ ಮೂವರ ಮಾತು, ಮೂರು ಸಾಲು ಫ್ರೆಂಚಿನಲ್ಲಿ.

ಚಿತ್ರದಲ್ಲಿ ಬಂದವರು ಚಾವಡಿಗೆ ಬರಬೇಕು, ಊರ ಮುಂದೆ ನಿಂತು ಆ ಮೂರು ಸಾಲು ಕೇಳಿ ನಗಬೇಕು. ನಕ್ಕರೆ ಮುಗಿಯಿತು. ಮರುದಿನ ಚಿತ್ರ ಮತ್ತೆ ಪ್ಯಾರಿಸ್ ಆಗಿರುತ್ತದೆ. ಆ ಮಾತನ್ನು ಊರಲ್ಲಿ ಮತ್ತೆ ಯಾರೂ ಎತ್ತುವಂತಿಲ್ಲ. ಕಿರಾಣಿ ಅಂಗಡಿಯ ನಾಗಭೂಷಣ ಖಾರದ ಪುಡಿಗೆ ಇಟ್ಟಂಗಿ ಪುಡಿ ಬೆರೆಸುತ್ತಿದ್ದಾಗ, ತ್ಯಾಪಿರಾಯ ಅವನ ಅಂಗಡಿಯ ಖಾರದ ಪುಡಿಯನ್ನೇ ಕಲಸಿ ಗೋಡೆ ಕಟ್ಟುತ್ತಿರುವುದು ಕಂಡಿತು. ನಾಗಭೂಷಣ ನಕ್ಕ ರಭಸಕ್ಕೆ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಅವತ್ತಿನಿಂದ ಅವನ ಖಾರಕ್ಕೆ ಊರೇ ಕಣ್ಣೀರಿಡುತ್ತದೆ. ಬುಧವಾರ ಸಂಜೆ ಕನ್ನಡಿಯ ಮುಂದೆ ನಿಂತು ನಗುವ ಅಭ್ಯಾಸ ಮಾಡುವವರು ನಮ್ಮೂರಲ್ಲಿ ಬಹಳ ಜನ. ಹೆಣ್ಣು ನೋಡಲು ಹೋದವರು ಹುಡುಗಿ ಹಾಡುತ್ತಾಳೋ ಎಂದು ಕೇಳುವುದಿಲ್ಲ, ನಗಲು ಬರುತ್ತದೋ ಎಂದು ಕೇಳುತ್ತಾರೆ.

ಪ್ಯಾರಿಸ್ಸಿನವರೂ ನಮಗೆ ಪರಕೀಯರಲ್ಲ. ಮೂರನೆಯ ಚಿತ್ರದಲ್ಲಿ ಕೊಡೆ ಹಿಡಿದ ಒಬ್ಬ ದಪ್ಪ ಹೆಂಗಸಿದ್ದಾಳೆ. ಅವಳ ಚಿತ್ರ ನಮ್ಮೂರಾದ ವಾರ ಮುದುಕಿಯರು, ಪಾಪ, ಈ ವಾರ ಆಕಿ ಎಲ್ಲಿ ಹೋದಳೋ ಎಂದು ವಿಚಾರಿಸುತ್ತಾರೆ.

ಆ ಮೂರು ಸಾಲುಗಳನ್ನು ಹತ್ತೊಂಬತ್ತು ವರ್ಷ ಓದಿದವಳು ನಾನು, ದಾನಮ್ಮ. ನಾನು ಹೊಲಿಗೆಯವಳು. ಹೊಲಿಗೆ ಕಲಿಸಿದ ರೋಜಮ್ಮ ಆ ಸಾಹೇಬನ ಮನೆತನದ ಕೊನೆಯ ಹೆಣ್ಣುಮಗಳು; ನಮ್ಮಂತೆಯೇ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದವಳು. ಮಕ್ಕಳಿಲ್ಲದ ಅವಳು ಕತ್ತರಿ ಹಿಡಿಯುವುದರ ಜೊತೆಗೆ ಫ್ರೆಂಚ್ ಅಕ್ಷರಗಳನ್ನೂ ನನಗೆ ಕಲಿಸಿದಳು. ತನ್ನ ಕಣ್ಣು ಮಂಜಾದ ಮೇಲೆ ನನ್ನನ್ನು ಚಾವಡಿಗೆ ಕರೆದುಕೊಂಡು ಹೋಗಿ, “ಓದೂವಾಗ ಮಂದಿಗೆ ಬೆನ್ನ ಮಾಡು ಮಗಳ. ನಿನ್ನ ಮಾರಿ ನೋಡಿ ಅವರು ಅರ್ಥಾ ಹಚ್ಚಬಾರದು” ಎಂದಳು. ಹಾಗೆಯೇ ಓದುತ್ತ ಬಂದೆ. ಫ್ರೆಂಚಿನ ಮಾತನ್ನು ನಮ್ಮ ಓಣಿಯ ಮಾತಿಗೆ ತರುವುದು ನನಗೆ ಒಲಿದಿತ್ತು. ಗೂನಪ್ಪ ನಮ್ಮೂರ ಗೌಡರ ಹಾಗೆ ಗದರುತ್ತಿದ್ದ, ತ್ಯಾಪಿರಾಯ ಸಂತೆಯ ದಲಾಲರ ಹಾಗೆ ಮಾತಾಡುತ್ತಿದ್ದ. ಹಿಟ್ಟಪ್ಪ ಮಾತ್ರ ಯಾವಾಗಲೂ ಮೆತ್ತಗೆ, ಎಲ್ಲರ ಕೊನೆಗೆ ಮಾತಾಡುವವನು. ನಿಜವಾದ ಮಾತು ಅವನದೇ ಆಗಿರುತ್ತಿತ್ತು.

ನಮ್ಮ ಯಜಮಾನರು ಗುರುಶಾಂತಪ್ಪನವರು ಊರಿನ ಟಪಾಲ ಕಚೇರಿಯ ಪೋಸ್ಟ್‌ಮಾಸ್ತರರು. ಕರಿಕೋಟು, ಇಸ್ತ್ರಿ ಮಾಡಿದ ಧೋತರ, ಅಳೆದು ಇಟ್ಟಂಥ ಮಾತು. ಅವರು ಚಹಾ ಮಾಡಿಕೊಳ್ಳಲೆಂದು ನಮ್ಮ ಮನೆಯ ಹಿತ್ತಾಳೆ ಕಿಟ್ಲಿಯನ್ನು ಕಚೇರಿಯಲ್ಲಿಟ್ಟುಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಬಂದವರು, ಎರಡನೇ ರೊಟ್ಟಿ ಮುರಿಯುವಾಗ, ಏನಾದರೊಂದು ಹೇಳುತ್ತಿದ್ದರು. “ಬಡಿಗೇರ ಮಗ ಪಟ್ಟಣದಾಗ ಇನ್ನೊಂದು ಮನಿ ಮಾಡ್ಯಾನಂತ. ಇಲ್ಲಿ ಹೇಂತಿಗೆ ಗೊತ್ತಿಲ್ಲ.” ನಾನು ಕೈಯಲ್ಲಿ ತುತ್ತು ಹಿಡಿದುಕೊಂಡೇ, “ನಿಮಗ್ಯಾರ ಹೇಳಿದ್ರು?” ಎಂದು ಕೇಳುತ್ತಿದ್ದೆ. “ಕಚೇರಿ ಅಂದಮ್ಯಾಲ ಮಂದಿ ಬರ್ತಾರ, ಹೋಗ್ತಾರ” ಎನ್ನುತ್ತಿದ್ದರು. ಎರಡನೇ ಸಲ ನಾನು ಕೇಳುತ್ತಿರಲಿಲ್ಲ. ಕೇಳಿದರೆ ಕಥೆ ನಿಂತುಹೋಗುತ್ತದೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು.

ಹೀಗಿರುವಾಗ ಒಂದು ವರ್ಷ ನೇಕಾರ ಓಣಿಯ ಸಂಗವ್ವನ ಮಗಳು ಕಸ್ತೂರಿಗೆ ದೂರದ ಊರಿನ ಗಂಡು ಗೊತ್ತಾಗಿತ್ತು. ಕಸ್ತೂರಿ ಮಗ್ಗದಲ್ಲಿ ಅಂಚು ನೇಯುವುದರಲ್ಲಿ ಊರಿಗೇ ಗಟ್ಟಿಗಿತ್ತಿ. ಅವಳ ಮದುವೆಯ ಕುಪ್ಪಸಗಳನ್ನು ನಾನೇ ಹೊಲಿಯುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮ ಯಜಮಾನರು, “ಆ ಹುಡಿಗಿಗೆ ಸಣ್ಣಾಕಿದ್ದಾಗ ಮೂರ್ಛಿ ಬರತಿತ್ತಂತ” ಎಂದರು. ಅಷ್ಟೇ. ಮರುದಿನ ಅಳತೆ ಕೊಡಲು ಬಂದ ಶಂಕ್ರವ್ವನ ತೋಳಿಗೆ ಟೇಪು ಸುತ್ತುತ್ತ ನಾನು ಅದನ್ನು ಹೇಳಿದೆ. ಯಾರಿಗೂ ಹೇಳಬ್ಯಾಡ ಎಂದೂ ಹೇಳಿದೆ. ನಾಲ್ಕನೆಯ ದಿನ ಗಂಡಿನ ಕಡೆಯವರು ಬಂದು, ತಾಂಬೂಲ ತಿರುಗಿ ಕೊಟ್ಟು ಹೋದರು. ಅದರ ಮರುದಿನ ಸಂಗವ್ವನ ಕೈಗೆ, ವಾರ ತಡವಾಗಿ, ಅವಳ ತಂಗಿಯ ಕಾಗದ ತಲುಪಿತು. ಅದರಲ್ಲಿ, ‘ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿದ್ದುದನ್ನು ಬೀಗರಿಗೆ ನಾವೇ ಮೊದಲು ಹೇಳಿಬಿಡೋಣ, ಬೇರೆಯವರ ಬಾಯಿಂದ ಹೋಗುವುದು ಬೇಡ’ ಎಂದಿತ್ತಂತೆ. ತನಗಿಂತ ಮೊದಲು ಆ ಕಾಗದವನ್ನು ಯಾರು ಓದಿದರು ಎಂದು ಸಂಗವ್ವ ಬೀದಿಯಲ್ಲಿ ನಿಂತು ಕೇಳಿದಳು.

ಗುರುವಾರ ಚಾವಡಿ ತುಂಬಿತ್ತು. ಐದನೆಯ ಚಿತ್ರ ಟಪಾಲ ಕಚೇರಿಯ ಬೀದಿಯಾಗಿತ್ತು. ನಟ್ಟನಡುವೆ ಚೀಲ ಹೊತ್ತ ಪೋಸ್ಟ್‌ಮನ್ ಇಮಾಮಸಾಬ. ತ್ಯಾಪಿರಾಯ ತನ್ನ ಕೋಲಿನಿಂದ ಆ ಚೀಲದ ಬಾಯಿ ಎತ್ತಿ ಇಣುಕುತ್ತಿದ್ದ. ಗೂನಪ್ಪ ಒಂದು ಲಕೋಟೆಯನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದ. ಹಿಟ್ಟಪ್ಪ ಮಾತ್ರ ದೂರ, ಅವರಿಗೆ ಬೆನ್ನು ಮಾಡಿ ಕಚೇರಿಯ ಕಿಟಕಿಯ ಹತ್ತಿರ ನಿಂತಿದ್ದ. ಜನರಲ್ಲಿ ಗುಜುಗುಜು ಎದ್ದಿತು. ನಾನು ರೂಢಿಯಂತೆ ಜನರಿಗೆ ಬೆನ್ನು ಮಾಡಿ ಸಾಲುಗಳನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ.

ತ್ಯಾಪಿರಾಯ ಕೇಳುತ್ತಾನೆ: ಲಕೋಟಿ ಬಾಯಿ ಮುಚ್ಚಿಕೊಂಡ ಬಂದೈತಿ, ಒಳಗಿನ ಗುಟ್ಟು ಅದಕಿಂತ ಮೊದಲ ಊರು ಸುತ್ತಿತಲ್ಲ, ಹೆಂಗ? ಗೂನಪ್ಪ ಅನ್ನುತ್ತಾನೆ: ಚೀಲ ಹೊತ್ತಾವನ್ನ ಕೇಳು. ಮೂರನೇ ಸಾಲು ಹಿಟ್ಟಪ್ಪನದು: ಚೀಲಕ್ಕ ಬೀಳೂಕಿಂತ ಮೊದಲ ಲಕೋಟಿ ಬೆವತಿತ್ತು, ಕಿಟಕಿಯೊಳಗ ಚಹಾಕ್ಕ ನೀರ ಇಟ್ಟಾವ್ರು ಯಾರಂತ ಕೇಳು.

ಅದನ್ನು ಓದಿದ ಮೇಲೆಯೇ ನನ್ನ ಕಣ್ಣು ಕಿಟಕಿಯ ಕಡೆ ಹೋದದ್ದು. ಒಂದರ ಮೇಲೊಂದು ಅಡ್ಡಡ್ಡ ಎಳೆದ ಗೆರೆಗಳ ಕತ್ತಲೆಯಿಂದ ಕೂದಲೆಳೆಯಷ್ಟು ತೆಳ್ಳಗೆ ಹಬೆ ಹೊರಬರುತ್ತಿತ್ತು. ನೋಡಿದವರೆಲ್ಲ ಅದನ್ನು ಬೇವಿನ ಟೊಂಗೆ ಎಂದುಕೊಂಡಿದ್ದರು. ಹಬೆಯ ಬುಡದಲ್ಲಿ ಕಿಟ್ಲಿಯ ಕೊಕ್ಕು. ಅದರ ತುದಿ ಎಡಕ್ಕೆ ಸೊಟ್ಟಗಾಗಿತ್ತು. ಮದುವೆಯಾದ ವರ್ಷ ನನ್ನ ಕೈಯಿಂದ ಬಿದ್ದು ಸೊಟ್ಟಗಾದದ್ದು ಅದು.

“ಓದ್ರಿ ಅಕ್ಕಾರ” ಎಂದರು ಯಾರೋ ಹಿಂದಿನಿಂದ.

ಎರಡು ಸಾಲು ಓದಿದೆ. ಮೂರನೆಯದರ ಜಾಗದಲ್ಲಿ ಗೂನಪ್ಪನ ಮಾತನ್ನೇ ಬೇರೆ ಬಗೆಯಲ್ಲಿ ಹೇಳಿದೆ: “ಹೌದ ಹೌದು, ಕೈಯಾಗ ಹಾಯ್ದು ಬಂದದ್ದು ಬಾಯಾಗೂ ಹಾಯ್ದು ಬಂತು.” ಧ್ವನಿ ನಡುಗಲಿಲ್ಲ. ಅದು ಇವತ್ತಿಗೂ ನನಗೆ ಆಶ್ಚರ್ಯ.

ಇಮಾಮಸಾಬನನ್ನು ಕರೆಯಲು ಹೋಗಬೇಕಾಗಲಿಲ್ಲ. ಅವನು ಅಲ್ಲೇ ಇದ್ದ. ಇಪ್ಪತ್ತಾರು ವರ್ಷ ಬಿಸಿಲಲ್ಲಿ ನಡೆದು ಕರ್ರಗಾದ ಮುಖ, ಎಡಭುಜಕ್ಕೆ ಚೀಲದ ಪಟ್ಟಿ. ಮುಂದೆ ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದ. “ನಾ ಒಂದ ಲಕೋಟಿ ಒಡದಿಲ್ಲ ಅಂತ ತಿಳಕೊಂಡಿದ್ದೆ” ಎಂದ. “ಆದ್ರ ಓದಾಕ ಬರದವ್ರು ಓದು ಅಂದಾಗ ಓದಿ ಹೇಳೀನಿ. ಅದರಾಗ ಎಲ್ಲ್ಯಾರ ನನ್ನ ನಾಲಿಗಿ ಜಾರಿರಬೇಕು. ಚಿತ್ರ ಸುಳ್ಳ ಹೇಳೂದಿಲ್ಲರಿ.” ಆಮೇಲೆ ಕೈಮುಗಿದು ನಕ್ಕ. ಒಳ್ಳೆಯ ನಗುವೇ ಆಗಿತ್ತು. ಜನ ಹಗುರಾಗಿ ಮನೆಗೆ ಹೋದರು.

ಮರುದಿನ ಚಿತ್ರ ಬದಲಾಗಿರಲಿಲ್ಲ. ಅದೇ ಬೀದಿ, ಅದೇ ಚೀಲ. ಇಂಥದ್ದು ಹಿಂದೆಯೂ ನಡೆದದ್ದುಂಟು, ಯಾರಾದರೂ ಬಿಗುಮಾನದಿಂದ ಬಾಯಿತುದಿಯಲ್ಲಿ ನಕ್ಕಾಗ. ಚಾವಡಿಯ ಹಿರಿಯರಾದ ಪರಪ್ಪಗೌಡರು, “ಇಮಾಮ, ಮನಸಿನಿಂದ ನಗು” ಎಂದರು. ಅವನು ಮತ್ತೆ ನಕ್ಕ. ಶನಿವಾರವೂ ಚಿತ್ರ ಹಾಗೇ ಇತ್ತು. ಮುಂದಿನ ಗುರುವಾರವೂ ಹಾಗೇ. ಉಳಿದ ಆರು ಚಿತ್ರಗಳಲ್ಲಿ ಪ್ಯಾರಿಸ್ಸಿನವರು ಆ ಮೂವರಿಲ್ಲದೆ, ಯಾರಿಗೋ ಕಾಯುತ್ತಿರುವವರ ಹಾಗೆ ಕಾಣುತ್ತಿದ್ದರು.

ಅವನು ದಿನಾ ಬೆಳಿಗ್ಗೆ ಚೀಲ ಹೊರುವ ಮೊದಲು ಚಾವಡಿಗೆ ಬಂದು ನಗತೊಡಗಿದ. ನೋಡಲು, ಅಲ್ಲ, ಕೇಳಲು ಜನ ಸೇರುತ್ತಿದ್ದರು. ಗಂಟಲಿಂದ ಬಂತು, ಹೊಟ್ಟೆಯಿಂದ ಬರಲಿಲ್ಲ ಎಂದು ಒಬ್ಬರು, ಹಲ್ಲು ಕಂಡವು, ಕಣ್ಣು ನಗಲಿಲ್ಲ ಎಂದು ಇನ್ನೊಬ್ಬರು. ಬೀದಿಯಲ್ಲಿ ಅವನ ಕೈಯಿಂದ ಕಾಗದ ಇಸಿದುಕೊಂಡವರು ಅಲ್ಲೇ ಬಿಸಿಲಿಗೆ ಹಿಡಿದು ಅಂಟನ್ನು ಪರೀಕ್ಷಿಸುತ್ತಿದ್ದರು. ಅವನಿಂದ ಕಾಗದ ಓದಿಸಿಕೊಳ್ಳುತ್ತಿದ್ದ ಮುದುಕಿಯರು ಬಂದ ಕಾಗದಗಳನ್ನು ಒಡೆಯದೆ ಜೋಳದ ಗಡಿಗೆಯಲ್ಲಿ ಹಾಕಿಟ್ಟರು. ಸಂಗವ್ವ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಕಾಗದವನ್ನು ಹೊಸ್ತಿಲಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು, ಮುಂದಿನ ಮನೆಗೆ ನಡೆಯುತ್ತಿದ್ದ. ಒಂದು ದಿನ ನನ್ನ ಅಂಗಳದಲ್ಲಿ ನಿಂತು, “ಅಕ್ಕಾರ, ಆ ಮೂರು ಸಾಲು ಇನ್ನೊಮ್ಮೆ ಹೇಳ್ರಿ. ಯಾವ ಮಾತಿಗೆ ನಾ ಸರಿಯಾಗಿ ನಗವಲ್ಲೆ ಅಂತ ನೋಡತೇನಿ” ಎಂದ. ನಾನು ಮತ್ತೆ ಅದೇ ಸುಳ್ಳು ಹೇಳಿದೆ. ಅವನು ಬಾಯಲ್ಲೇ ಉರುಹೊಡೆಯುತ್ತ ಹೋದ.

ಅವತ್ತು ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. “ಮೂರನೇ ಸಾಲ ನಾ ಓದಿಲ್ಲ.”

“ಗೊತ್ತು” ಎಂದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಲಿಲ್ಲ.

“ಹೆಂಗ ಗೊತ್ತು?”

“ಮೂರೂ ಸಾಲಿನ್ಯಾಗ ನಾ ಬರಲಿಲ್ಲಲ್ಲ.”

ಆಮೇಲೆ ಅವರು ತಟ್ಟೆಯನ್ನು ದೂಡಿ ಹೇಳಿದರು. “ಮೊದಲ ಒಂದ ಲಕೋಟಿ ಮಳಿಗೆ ತೊಯ್ದು ತಾನ ಬಿಚ್ಚಿತ್ತು. ಓದಿದೆ. ಅವ್ವ ಮಗನಿಗೆ ಬರದದ್ದು, ಎಮ್ಮಿ ಈದದ್ದು, ಅಂಗಿ ಹೊಲಿಸಿದ್ದು, ಅಷ್ಟ. ಆದ್ರ ಯಾರೋ ತಮ್ಮ ಮನಿ ಬಾಗಲಾ ತಗದು ನನ್ನ ಒಳಗ ಕುಂಡ್ರಿಸಿಕೊಂಡಂಗ ಆತು. ಆಮ್ಯಾಲ ಹಬಿಗೆ ಹಿಡದು ಬಿಚ್ಚೂದ ಬಿಡಾಕ ಆಗಲಿಲ್ಲ.”

“ಇಮಾಮಸಾಬ ದಿನಾ ನಗಾಕತ್ತಾನ.”

“ನನಗ ಮಂದ್ಯಾಗ ನಗಾಕ ಬರೂದಿಲ್ಲ ದಾನಾ. ನೀ ನೋಡೀಯೇನು ಎಂದಾರ?” ನಾನು ನೋಡಿರಲಿಲ್ಲ. ಅವರು ಎದ್ದು ಕೈತೊಳೆದುಕೊಂಡರು. ಕೋಟು ಹಾಕಿಕೊಳ್ಳುತ್ತ, ಸಿಟ್ಟಿಲ್ಲದೆ, ಹವೆಯ ಮಾತಾಡಿದಷ್ಟೇ ಸಹಜವಾಗಿ ಹೇಳಿದರು: “ನಾ ಓದತಿದ್ದೆ, ಖರೆ. ನೀ ಕೇಳತಿದ್ದಿ. ತುತ್ತ ಕೈಯಾಗ ಹಿಡಕೊಂಡ ಕೇಳತಿದ್ದಿ.”

ಅವರು ಹೋದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತೆ. ಕಸ್ತೂರಿಯ ಕುಪ್ಪಸಗಳು ಅರ್ಧ ಹೊಲಿದದ್ದು ಹಾಗೇ ಇದ್ದವು. ಶಂಕ್ರವ್ವನ ತೋಳಿಗೆ ಟೇಪು ಸುತ್ತಿದ್ದು ನೆನಪಾಯಿತು. ಹಿಟ್ಟಪ್ಪ ಹೇಳದೆ ಬಿಟ್ಟ ಇನ್ನೊಂದು ಹೆಸರೂ ಇತ್ತು, ಅದು ನನ್ನದು. ಅದನ್ನು ಹೇಳುವುದನ್ನು ಅವನು ನನಗೇ ಬಿಟ್ಟಿದ್ದನೇನೋ.

ಇಪ್ಪತ್ತಮೂರನೆಯ ದಿನ. ಇಮಾಮಸಾಬ ಬಂದು ಚಿತ್ರದ ಮುಂದೆ ನಿಂತ. ಅವತ್ತಿಗೆ ಅವನ ನಗುವಿನಲ್ಲಿ ಏನೂ ಉಳಿದಿರಲಿಲ್ಲ. ಬೇಡುವುದೂ ಇಲ್ಲ, ನಾಚಿಕೆಯೂ ಇಲ್ಲ. ಬಾವಿಯಿಂದ ಮೇಲೆ ಬಂದ ಕೊಡದಲ್ಲಿ ನೀರು ಅಲುಗುವಂಥ ಸದ್ದು. ಕೇಳುತ್ತಿದ್ದವರು ತಪ್ಪು ಹುಡುಕುವುದನ್ನು ಯಾವಾಗ ನಿಲ್ಲಿಸಿದರೋ ಗೊತ್ತಿಲ್ಲ. ಅವನು ಚೀಲ ಎತ್ತಿಕೊಂಡು ಹೊರಡಲು ತಿರುಗಿದ. ಆಗ ಪರಪ್ಪಗೌಡರು ತಮ್ಮ ರುಮಾಲಿನ ಮೇಲೆ ಕೈಯಿಟ್ಟುಕೊಂಡು, ಬಹಳ ಮೆತ್ತಗೆ, “ನೋಡ್ರಿ” ಎಂದರು.

ತ್ಯಾಪಿರಾಯನ ಟೋಪಿ ಅವನ ಕೈಯಲ್ಲಿತ್ತು. ಗೂನಪ್ಪ ಲಕೋಟೆಯನ್ನು ಕೆಳಗಿಟ್ಟು, ಬೆನ್ನು ಎಷ್ಟು ನೆಟ್ಟಗಾದೀತೋ ಅಷ್ಟು ನೆಟ್ಟಗೆ ನಿಂತಿದ್ದ. ಕಿಟಕಿಯ ಹತ್ತಿರವಿದ್ದ ಹಿಟ್ಟಪ್ಪ ಇತ್ತ ತಿರುಗಿದ್ದ. ಅವನ ಅಂಗಿಯ ತೋಳುಗಳು ಮೊಣಕೈಯವರೆಗೆ ಸರಿದಿದ್ದವು. ಎರಡು ಕೈಗಳು, ಸಣ್ಣ, ಬಡಕಲು, ಯಾವುದೋ ಬಡವನ ಕೈಗಳು, ಎದೆಯ ಮುಂದೆ ಮುಗಿದಿದ್ದವು. ಆ ಕೈಗಳನ್ನು ನಾವಾಗಲಿ, ನಮ್ಮ ಅಜ್ಜಂದಿರಾಗಲಿ ಯಾರೂ ಕಂಡಿರಲಿಲ್ಲ. ದೇಸಾಯರನ್ನು ಕತ್ತೆಯ ಮೇಲೆ ಕೂರಿಸಿದವರು, ಸ್ವಾಮಿಗಳ ಜೋಳಿಗೆಯಿಂದ ಹೋಳಿಗೆ ಎತ್ತಿ ತೋರಿಸಿದವರು, ಯಾರಿಗೂ ತಲೆಬಾಗದ ಆ ಮೂವರು ಇಮಾಮಸಾಬನ ಮುಂದೆ ತಲೆಬಾಗಿ ನಿಂತಿದ್ದರು. ಜನ ಒಬ್ಬರ ಹಿಂದೊಬ್ಬರು ನೆಲಕ್ಕೆ ಕೂತರು. ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಇಮಾಮಸಾಬ ಒಬ್ಬನೇ ನಿಂತಿದ್ದ. ಏನು ಮಾಡಬೇಕೆಂದು ತಿಳಿಯದೆ, ಅವನೂ ಅವರಿಗೆ ಕೈಮುಗಿದ.

“ಅಕ್ಕಾರ, ಏನಂತಾರ? ಓದ್ರಿ” ಎಂದರು ಗೌಡರು.

ಹತ್ತಿರ ಹೋದೆ. ಮೊದಲ ಎರಡು ಸಾಲುಗಳಿದ್ದ ಜಾಗ ಬರೀ ಬಿಳಿ ಕಾಗದವಾಗಿತ್ತು. ಮೂರನೆಯ ಸಾಲು ಮಾತ್ರ ಇತ್ತು, ಮೊದಲಿದ್ದಷ್ಟೇ ಸಣ್ಣ ಅಕ್ಷರಗಳಲ್ಲಿ.

ನಾನು ಗೋಡೆಗೆ ಬೆನ್ನು ಮಾಡಿ ಜನರ ಕಡೆ ತಿರುಗಿದೆ. ಅವರ ಮುಖಗಳನ್ನು ಆ ಜಾಗದಿಂದ ನೋಡಿದ್ದು ಅದೇ ಮೊದಲು. “ಚೀಲಕ್ಕ ಬೀಳೂಕಿಂತ ಮೊದಲ ಲಕೋಟಿ ಬೆವತಿತ್ತು. ಕಿಟಕಿಯೊಳಗ ಚಹಾಕ್ಕ ನೀರ ಇಟ್ಟಾವ್ರು ಯಾರಂತ ಕೇಳು” ಎಂದೆ. “ಇದು ಮೊದಲ ದಿನದಿಂದ ಇಲ್ಲೇ ಐತಿ. ನಾ ಓದಲಿಲ್ಲ. ಕಿಟ್ಲಿ ನಮ್ಮನಿದು. ಕಾಗದ ಓದಿದವ್ರು ನಮ್ಮನಿಯವ್ರು. ಕಸ್ತೂರಿ ಮಾತು ಊರಿಗೆ ಹೇಳಿದಾಕಿ ನಾನು.”

ಶಂಕ್ರವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಚೇರಿಯ ಕೀಲಿ ಹಿಡಿದು. ಇಪ್ಪತ್ತಮೂರು ದಿನವೂ ಅವರು ಅಲ್ಲೇ ನಿಂತು ಕೇಳಿ ಹೋಗುತ್ತಿದ್ದರು. ಕೂತವರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಕೋಟಿನ ಗುಂಡಿ ಹಾಕಿಕೊಂಡರು. ನಗಲು ಬಾಯಿ ತೆರೆದರು. ಎಣ್ಣೆ ಕಾಣದ ಬಾಗಿಲಿನಂಥ ಸದ್ದೊಂದು ಬಂದು ನಿಂತಿತು. ಮತ್ತೆ ಪ್ರಯತ್ನಿಸಿದರು. ಹಣೆಯಿಂದ ಬೆವರು ಇಳಿಯಿತು.

ಇಮಾಮಸಾಬ ಚೀಲ ಕೆಳಗಿಟ್ಟು ಅವರ ಪಕ್ಕಕ್ಕೆ ಬಂದ. “ಮಾಸ್ತರ, ಮೊದಲ ಉಸರು ಪೂರಾ ಹೊರಗ ಬಿಡ್ರಿ” ಎಂದ. “ನಗು ಉಸರಿನ ಬೆನ್ನ ಹತ್ತಿ ಬರತೈತಿ. ಇಷ್ಟ ದಿನದಾಗ ನಾ ಕಲತದ್ದು ಇದೊಂದ.” ಅವರು ಉಸಿರು ಬಿಟ್ಟರು. ಅವನೂ ಬಿಟ್ಟ. ಮೂರನೆಯ ಸಲಕ್ಕೆ ನಮ್ಮ ಯಜಮಾನರ ಭುಜ ಅಲುಗಿತು, ಗಂಟಲು ಬಿಚ್ಚಿತು, ಅವರು ನಕ್ಕರು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನಲ್ಲಿ ಆ ಧ್ವನಿ ಎಲ್ಲಿತ್ತೋ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಇಮಾಮಸಾಬ ನಗಲಿಲ್ಲ. ಅವರ ಮೊಣಕೈ ಹಿಡಿದುಕೊಂಡು ನಿಂತಿದ್ದ.

“ಇನ್ನ ನೀವು, ಅಕ್ಕಾರ” ಎಂದರು ಗೌಡರು.

ನಾನು ಚಿತ್ರದ ಕಡೆ ತಿರುಗಬೇಕೆನ್ನುವಷ್ಟರಲ್ಲಿ ಕಸ್ತೂರಿ ಎದ್ದು ನಿಂತಳು. ತಾಂಬೂಲ ತಿರುಗಿ ಹೋದ ಮೇಲೆ ಅವಳು ಮನೆಯಿಂದ ಹೊರಗೆ ಬಂದದ್ದೇ ಅವತ್ತು. “ಆಕಿ ನಗೂದ ನನಗ ಬ್ಯಾಡ” ಎಂದಳು.

“ಹಂಗಂದ್ರ ಹೆಂಗವ್ವ? ನಕ್ಕರ ಮುಗೀತು. ರೀತಿ ಐತಲ್ಲ” ಎಂದರು ಗೌಡರು.

“ನಿಮಗ ಮುಗೀತೈತಿ ಗೌಡ್ರ. ನಕ್ಕು ಎಲ್ಲಾರೂ ಮನಿಗೆ ಹೋಗ್ತೀರಿ. ನನಗ ಮುಗದಿಲ್ಲ.”

“ಹಂಗಾರ ಏನ ಮಾಡಬೇಕಂತಿ?”

ಅವಳು ನನ್ನನ್ನು ನೇರವಾಗಿ ನೋಡಿದಳು. “ಆ ಅಕ್ಷರ ನನಗ ಕಲಸ್ರಿ. ಇನ್ನ ಮ್ಯಾಲ ಅಲ್ಲಿ ಬರದದ್ದನ್ನ ನಿಮ್ಮ ಬಾಯಿಂದ ನಾ ಕೇಳೂದಿಲ್ಲ.”

ಮರುದಿನ ಚಿತ್ರದಲ್ಲಿ ಹಬೆ ಇರಲಿಲ್ಲ, ಕಿಟಕಿ ಮುಚ್ಚಿತ್ತು. ಆದರೆ ಬೀದಿ ನಮ್ಮದೇ ಆಗಿತ್ತು. ಮೂವರೂ ಹೋಗಿರಲಿಲ್ಲ, ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು, ದೂರದ ಬಸ್ಸಿಗೆ ಕಾಯುವವರ ಹಾಗೆ.

ನಮ್ಮ ಯಜಮಾನರು ತಾವೇ ಬರೆದುಕೊಟ್ಟು ಕೆಲಸ ಬಿಟ್ಟರು. ಈಗ ನನ್ನ ಪಕ್ಕದಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಾರೆ. ಮಧ್ಯಾಹ್ನದ ಊಟದಲ್ಲಿ ನಾವು ಮಳೆಯ ಮಾತು, ದಾರದ ಮಾತು ಆಡುತ್ತೇವೆ. ಮುದುಕಿಯರು ಗಡಿಗೆಯಿಂದ ಕಾಗದಗಳನ್ನು ತೆಗೆದುಕೊಂಡು ಇಮಾಮಸಾಬನ ದಾರಿ ಕಾದು ನಿಂತರು. ನಕ್ಕ ಮೇಲೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲವಾದ್ದರಿಂದ ಕ್ಷಮೆ ಕೇಳುವಂತೆಯೂ ಇರಲಿಲ್ಲ. ಅವನಿಗೆ ನೀರು ಕೊಟ್ಟರು, ನೆರಳಿಗೆ ಚಾಪೆ ಹಾಸಿದರು. ಸಂಗವ್ವ ಬಾಗಿಲು ತೆರೆದೇ ಇಟ್ಟಳು. ಅವನು ಎಲ್ಲರ ಕಾಗದವನ್ನೂ ಓದಿದ, ಮೊದಲಿಗಿಂತ ಸ್ವಲ್ಪ ನಿಧಾನವಾಗಿ.

ಕಸ್ತೂರಿ ದಿನಾ ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ನನ್ನಲ್ಲಿಗೆ ಬರುತ್ತಿದ್ದಳು. ಹೊಸ್ತಿಲ ಒಳಗೆ ಕಾಲಿಡುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಪಾಟಿಯ ಮೇಲೆ ಅಕ್ಷರ ತಿದ್ದಿ, ಎದ್ದು ಹೋಗುತ್ತಿದ್ದಳು. ರೋಜಮ್ಮನಿಂದ ಏಳು ವರ್ಷದಲ್ಲಿ ನಾನು ಕಲಿತದ್ದನ್ನು ಅವಳು ಏಳು ತಿಂಗಳಲ್ಲಿ ಕಲಿತಳು. ನೇಯುವವರ ಕಣ್ಣು, ಎಳೆ ತಪ್ಪುತ್ತಿರಲಿಲ್ಲ. ಅಷ್ಟು ಕಾಲವೂ ಊರಲ್ಲಿ ಹೊಸ ಚಿತ್ರವಿಲ್ಲ. ಹಾಲು ತೆಳ್ಳಗಾಯಿತು. ಬೆಲ್ಲದಲ್ಲಿ ಮರಳು ಸಿಗತೊಡಗಿತು. ಮದುವೆ ದಲ್ಲಾಳಿಗಳು ಕುಂಟರನ್ನು ಕುಣಿಯುವವರೆಂದು ಹೇಳಿ ಸಂಬಂಧ ಕೂಡಿಸಿದರು. ಆಗ ಜನ ಸಂಗವ್ವನ ಮನೆಗೆ ಹೋಗಿ, ಹುಡುಗಿಗೆ ಮನೆಗೆಲಸ ಹಚ್ಚಬೇಡ, ಓದಲಿ ಎಂದು ಹೇಳಿ ಬಂದರು. ಯಾರೋ ಬಾದಾಮಿ ಕೂಡ ಕೊಟ್ಟರಂತೆ.

ಒಂದು ಬೆಳಿಗ್ಗೆ ಅವಳು ಒಬ್ಬಳೇ ಚಾವಡಿಗೆ ಹೋಗಿ ಐದನೆಯ ಚಿತ್ರದ ಮುಂದೆ ನಿಂತು ಆ ಸಾಲನ್ನು ತಾನೇ ಓದಿದಳೆಂದು ಆಮೇಲೆ ತಿಳಿಯಿತು. ಓದಿ ಏನೆಂದಳೋ, ಏನು ಮಾಡಿದಳೋ ಯಾರೂ ನೋಡಿಲ್ಲ. ಮಧ್ಯಾಹ್ನ ಬಾಗಿಲು ತೆಗೆದಾಗ ಅಲ್ಲಿ ಪ್ಯಾರಿಸ್ಸಿನ ಬೀದಿಯಿತ್ತು.

ಬಂದ ಗುರುವಾರ ಆರನೆಯ ಚಿತ್ರ ನಮ್ಮ ಹಾಲಿನ ಕಟ್ಟೆಯಾಗಿತ್ತು. ಹಾಲು ಮಾರುವ ಭರಮಪ್ಪ ಎಮ್ಮೆಯ ಮುಂದೆ ನಿಂತಿದ್ದ. ಕಸ್ತೂರಿ ಗೋಡೆಗೆ ಬೆನ್ನು ಮಾಡಿ, ಮುಖ ನಮ್ಮ ಕಡೆ ಇಟ್ಟು, ಒಂದೊಂದು ಸಾಲಿಗೂ ತಿರುಗಿ ನೋಡಿಕೊಂಡು ಓದಿದಳು. ನಾನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ನಿಂತಿದ್ದೆ. ಅಲ್ಲಿಂದ ಚಿತ್ರ ಮಸುಕಾಗಿ ಕಾಣುತ್ತಿತ್ತು, ಅಕ್ಷರಗಳು ಕಾಣುತ್ತಲೇ ಇರಲಿಲ್ಲ. ಪಕ್ಕದಲ್ಲಿದ್ದ ಇಮಾಮಸಾಬ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿ ನನಗೆ ಜಾಗ ಮಾಡಿಕೊಟ್ಟ. ತ್ಯಾಪಿರಾಯ ಏನೋ ಕೇಳಿದ, ಗೂನಪ್ಪ ಗದರಿದ. ಚಾವಡಿ ಉಸಿರು ಹಿಡಿಯಿತು. ಹಿಟ್ಟಪ್ಪ ಏನು ಹೇಳುತ್ತಾನೋ ನನಗೆ ತಿಳಿದಿರಲಿಲ್ಲ.

“ಎಮ್ಮಿ ಕೇಳಾಕತ್ತೈತಿ,” ಕಸ್ತೂರಿ ಓದಿದಳು, “ನಂದು ಯಾವುದು, ಬಾವೀದು ಯಾವುದು ಅಂತ.”

ಭರಮಪ್ಪ ನಕ್ಕ, ಜನ ನಕ್ಕರು. ಅಷ್ಟು ವರ್ಷ ಮಾತು ನನಗೆ ಮೊದಲೇ ತಿಳಿದಿರುತ್ತಿದ್ದುದರಿಂದ ಆ ಚಾವಡಿಯಲ್ಲಿ ನಾನು ಒಮ್ಮೆಯೂ ನಕ್ಕಿರಲಿಲ್ಲ. ಅವತ್ತು ಊರಿನ ಜೊತೆಗೇ, ಅದೇ ಕ್ಷಣಕ್ಕೆ, ನನಗೂ ನಗು ಬಂತು.